ಹೊತ್ತು ಗೊತ್ತು

ಮಾರ್ಚಿನ ಕೊನೆಯ ಸೋಮವಾರ. ಝಹ್ಲೆಯ ಆಸ್ಪತ್ರೆ.
ಗಡಿಯಾರ ಒಂದು ಗಂಟೆ ಮುಂದೆ ಹೋಗಬೇಕಿತ್ತು ಮೊನ್ನೆ ರಾತ್ರಿ.
ಬೇಡ, ರಂಜಾನ್ ಮುಗಿಯಲಿ ಎಂದಿತು ಸರ್ಕಾರ.
ನಾವಾಗಲೇ ಹೋಗಿದ್ದೇವೆ ಎಂದವು ಚರ್ಚುಗಳು.
ಫೋನುಗಳು ಮಾತ್ರ
ಯಾರ ಮಾತು ಕೇಳಿದವೋ, ಅವಕ್ಕೇ ಗೊತ್ತಿಲ್ಲ.

ಒಂದೇ ಬೀದಿ. ಔಷಧಿ ಅಂಗಡಿಯಲ್ಲಿ ಒಂಬತ್ತು,
ಎದುರಿನ ರೊಟ್ಟಿ ಅಂಗಡಿಯಲ್ಲಿ ಎಂಟು.
ನಡುವೆ ರಸ್ತೆ ದಾಟಿದ ಬೆಕ್ಕು
ಯಾರಿಗೂ ಉತ್ತರ ಕೊಡಬೇಕಿರಲಿಲ್ಲ.

ನಾನು ಕೊಡಬೇಕಿತ್ತು.
ಡಯಾಲಿಸಿಸ್ ಸರದಿಯ ಸಂದೇಶ ಕಳಿಸುವ
ನಲವತ್ತು ಸಾಲಿನ ಸ್ಕ್ರಿಪ್ಟು ನನ್ನದು.
ವಲಯ ಬರೆಯದ ಸಮಯವನ್ನು
ಪೈಥಾನ್ 'ಅಮಾಯಕ' ಅನ್ನುತ್ತದೆ:
ಹೊತ್ತು ಇದೆ, ಗೊತ್ತು ಇಲ್ಲ.
ವಲಯ ಬಲ್ಲದ್ದರ ಪಕ್ಕ ಅದನ್ನಿಟ್ಟು
ಯಾವುದು ಮೊದಲು ಎಂದು ಕೇಳಿದರೆ
ಹದಿನೇಳನೆಯ ಸಾಲಿನಲ್ಲಿ ಮುನಿಸಿಕೊಂಡು ನಿಲ್ಲುತ್ತದೆ.
ಹಾಗೆ ನಿಲ್ಲಬಾರದೆಂದು ನಾನೇ
ಎಲ್ಲವನ್ನೂ ಅಮಾಯಕವಾಗಿಟ್ಟಿದ್ದೆ, ಮೂರು ವರ್ಷ.
ಸಣ್ಣ ದೇಶ, ಒಂದೇ ವಲಯ, ಏನಾದೀತು?

ಏನಾಯಿತೆಂದರೆ,
ನಾಲ್ಕನೆಯ ಯಂತ್ರದಲ್ಲಿ ಹಾಜ್ಜೆ ಸುಬ್ಹಿಯಾ,
ಏಳರಿಂದ ಹನ್ನೊಂದು, ಸರ್ಕಾರದ ಗಡಿಯಾರದಲ್ಲಿ.
ಹನ್ನೊಂದಕ್ಕೆ ಸರಿಯಾಗಿ ತಾನಿಯೋಸ್ ಬಂದ,
ಚರ್ಚಿನ ಗಡಿಯಾರದಲ್ಲಿ.
ಅವಳ ರಕ್ತ ಇನ್ನೂ ಕೊಳವೆಯಲ್ಲಿತ್ತು.
"ತಡ ಮಾಡಿದ್ದೀರಿ" ಎಂದ ಆತ.
"ನೀನು ಅವಸರ ಮಾಡಿದ್ದೀ" ಎಂದಳು ಈಕೆ.
ನರ್ಸ್ ವಫಾ ನನ್ನನ್ನು ಕರೆಸಿದಳು,
ಕಳ್ಳನನ್ನು ಗುರುತಿಸಲು ಕರೆಸುವಂತೆ.

ಇಬ್ಬರ ಫೋನಿನಲ್ಲೂ ನನ್ನದೇ ಸಂದೇಶ.
ಎರಡೂ ಸರಿ.
ಎರಡು ಸರಿಗಳ ನಡುವೆ ಒಂದು ಗಂಟೆ
ಯಾರ ಹೆಸರಿನಲ್ಲೂ ಇಲ್ಲದೆ ಬಿದ್ದಿತ್ತು.
ಆತ ಅದರಲ್ಲೇ ಕುರ್ಚಿ ಎಳೆದುಕೊಂಡು ಕೂತ.

ಮೊದಲು ಮುಖ ತಿರುಗಿಸಿಕೊಂಡು. ಆಮೇಲೆ
ಫಾಸ್ಫರಸ್ಸಿನ ಮಾತ್ರೆಯ ಬೆಲೆ, ಜನರೇಟರ್ ಬಾಡಿಗೆ,
ಸತ್ತ ಗಂಡ, ಕೆನಡಾದ ಮೊಮ್ಮಗಳ ಹಲ್ಲು.
ಯಂತ್ರ ಗುಂಯ್ ಎನ್ನುತ್ತ
ಅವಳನ್ನು ಹೊರಗೆ ಹೊತ್ತು ತಂದು
ತೊಳೆದು ಒಳಗೆ ಕಳಿಸುತ್ತಿತ್ತು.

ತಾನಿಯೋಸನ ಜೇಬಿನಲ್ಲಿ ಒಂದು ಸೇಬು.
ಲೆಂಟ್ ಉಪವಾಸ, ನಡುಹಗಲಿನವರೆಗೆ ಏನೂ ತಿನ್ನುವಂತಿಲ್ಲ.
"ಯಾವ ನಡುಹಗಲು, ಮಾಸ್ತರೇ?" ಎಂದು ನನ್ನತ್ತ ನೋಡಿದ.
ನನ್ನ ಬಳಿ ಲ್ಯಾಪ್‌ಟಾಪ್ ಇತ್ತು, ಉತ್ತರ ಇರಲಿಲ್ಲ.
ಅವನ ಹನ್ನೆರಡು, ಅವಳ ಹನ್ನೊಂದು
ಒಟ್ಟಿಗೆ ಬಂದವು.
ಯಂತ್ರ ಬೀಪ್ ಎಂದಿತು. ಅವನು ಸೇಬು ಸೀಳಿದ.

ಅವಳು ಅರ್ಧ ತೆಗೆದುಕೊಂಡಳು, ಕಚ್ಚಲಿಲ್ಲ.
ಉಪವಾಸ ಬೇಡವೆಂದು ಡಾಕ್ಟರು ಹೇಳಿದ್ದರು,
ಅವಳು ಡಾಕ್ಟರಿಗೆ ಏನೂ ಹೇಳಿರಲಿಲ್ಲ.

ಸಂಜೆಗೆ ಸರ್ಕಾರ ಮನಸ್ಸು ಬದಲಿಸಿತು.
ನಾನು ಆಗಲೇ ಕೂತಿದ್ದೆ, ಪ್ರತಿ ಸಾಲಿಗೂ
ಬೇರೂತ್ ಎಂದು ಊರಿನ ಹೆಸರು ಕಟ್ಟುತ್ತ,
ಕಳೆದುಹೋಗುವ ಮಕ್ಕಳ ಅಂಗಿಗೆ ವಿಳಾಸ ಹೊಲಿದಂತೆ.
ನಡುನಡುವೆ ಕಿವಿಯಲ್ಲಿ ಅವಳ ದನಿ,
ಸೇಬನ್ನು ಕರವಸ್ತ್ರದಲ್ಲಿ ಸುತ್ತುತ್ತ ಅಂದದ್ದು:
"ಇರಲಿ ಬಿಡು,
ಹೊತ್ತು ಮುಳುಗಲಿ."