ಬಿಲ್ ಪುಸ್ತಕದಲ್ಲಿ ಒಂದು ಎಚ್

ಬೈತಖೋಲ ಬಂದರಿನೆದುರು ನರೋನ್ಹಾರ ಅಂಗಡಿ.
ಬಲೆ, ಬೂಯಿ, ನೈಲಾನು ಹಗ್ಗ, ಗ್ರೀಸಿನ ಡಬ್ಬಿ,
ಮೂಲೆಯಲ್ಲಿ ಫ್ಯಾನು, ಫ್ಯಾನಿನಡಿ ನಾನು,
ಬಿಲ್ಲು ಬರೆಯುವವಳು.
ಸಬ್ಸಿಡಿಗೆ ಹೋಗುವ ಬಿಲ್ಲು ಇಂಗ್ಲಿಷಿನಲ್ಲೇ ಇರಬೇಕು ಅಂತ
ಯಾರು ಹೇಳಿದ್ದರೋ,
ಹನ್ನೊಂದು ವರ್ಷದಿಂದ ಹಾಗೇ ನಡೆದಿದೆ.

ಟ್ರಾಲರುಗಳು ಇಳಿಯಲು ಇನ್ನು ಎಂಟು ದಿನ ಅನ್ನುವಾಗ
ಪುರ್ಸು ಹರಿಕಂತ್ರ ಬಂದ.
"ನಾಂಗರ ಒಂದು. ಇಪ್ಪತ್ತೆಂಟು ಕಿಲೋದ್ದು."
ನಾನು ಬರೆದೆ: ಎ, ಎನ್, ಸಿ, ಎಚ್, ಓ, ಆರ್.
ಅವನಿಗೆ ಓದಲು ಬಾರದು, ಎಣಿಸಲು ಬರುತ್ತದೆ.
"ಆರು ಅಕ್ಷರವಾ! ಬಾಯಲ್ಲಿ ಅಷ್ಟೆಲ್ಲ ಕೇಳಿಸುವುದಿಲ್ಲವಲ್ಲ?"
ಮಾಲು ಗೋದಾಮಿನಲ್ಲಿತ್ತು. ನಾಳೆ ಬಾ ಅಂದೆ.

ಆ ರಾತ್ರಿ ರಟ್ಟು ಕಳಚಿದ ನಿಘಂಟು ತೆಗೆದೆ.
ಗ್ರೀಕರ ಬಾಯಲ್ಲಿ ಅದು ಆಂಕುರಾ.
(ನಮ್ಮ ಮೊಳಕೆಯ ಅಂಕುರವೂ ಇದೇ ಮನೆಯದೋ ಏನೋ,
ಕೇಳೋಣವೆಂದರೆ ಯಾರಿದ್ದಾರೆ.)
ರೋಮಿನವರು ಎಳೆದುಕೊಂಡು ಆಂಕೊರಾ ಮಾಡಿದರು.
ಹಳೆಯ ಇಂಗ್ಲಿಷಿನವರು ಎಚ್ ಇಲ್ಲದೆಯೇ
ಸುಖವಾಗಿ ಲಂಗರು ಹಾಕುತ್ತಿದ್ದರು.
ಆಮೇಲೆ ಯಾರೋ ಪಂಡಿತರು,
ಅಲೆಯ ಉಪ್ಪು ನೆಕ್ಕಿದವರಲ್ಲ,
ಲ್ಯಾಟಿನ್ನನ್ನು ತಪ್ಪಾಗಿ ನೆನೆದು ಒಂದು ಎಚ್ ತೂರಿಸಿದರು.
ದೋಣಿಯ ತಳಕ್ಕೆ ಕಚ್ಚಿದ ಚಿಪ್ಪು,
ಕೆರೆಯುವ ಗೋಜಿಗೆ ಯಾರೂ ಹೋಗಲಿಲ್ಲ.

ಇನ್ನೂ ಕೆಳಗೆ, ಕೆಸರಿನಲ್ಲಿ, ಬೇರಿನ ಅರ್ಥ:
ಬಾಗು.
ನಾನು ಇಷ್ಟು ದಿನ ಭಾರ ಅಂದುಕೊಂಡಿದ್ದೆ.
ಮೀನು ಹಿಡಿಯುವ ಗಾಳಕ್ಕೆ ಅವರ ಹಳೆಯ ಮಾತೂ
ಕಾಲಿನ ಹರಡಿಗೆ ಇರುವ ಮಾತೂ
ಅದೇ ಬಾಗಿನ ಮಕ್ಕಳು.
ನಿಘಂಟಿನಿಂದ ತಲೆಯೆತ್ತಿದರೆ
ಗೋಡೆಯ ಕ್ಯಾಲೆಂಡರಿನಲ್ಲಿ ಗಣಪತಿ,
ಕೈಯಲ್ಲಿ ಅಂಕುಶ.
ಎಷ್ಟು ಹೊತ್ತಿನಿಂದ ಅದನ್ನು ಹಿಡಿದು ನಿಂತಿದ್ದನೋ,
ನಾನೇ ನೋಡಿರಲಿಲ್ಲ.

ಮರುದಿನ ಪುರ್ಸುವಿಗೆ ಎಲ್ಲ ಹೇಳಿದೆ.
ಅವನಿಗೆ ಆಶ್ಚರ್ಯವಾಗಲಿಲ್ಲ.
"ಭಾರ ಬೇಕಿದ್ದರೆ ಕಲ್ಲು ಕಟ್ಟಬಹುದಿತ್ತು.
ಕೊಕ್ಕೆ ನೆಲಕ್ಕೆ ಕಚ್ಚಬೇಕು, ನೇಗಿಲಿನ ಹಾಗೆ.
ನಮ್ಮಲ್ಲಿ ಎರಡಕ್ಕೂ ಒಂದೇ ಹೆಸರು, ನಾಂಗರ.
ಮಾಜಾಳಿಯ ಗದ್ದೆಯಲ್ಲಿ ನನ್ನ ಅತ್ತೆಯದು ಒಂದು ನಾಂಗರ,
ನೀರಲ್ಲಿ ನನ್ನದು ಒಂದು.
ಅವಳದು ನಡೆಯಬೇಕು, ನನ್ನದು ನಿಲ್ಲಬೇಕು."

ಹಳೆಯದು ಎಲ್ಲಿ ಹೋಯಿತು, ಕೇಳಿದೆ.
"ಕೂರ್ಮಗಡದ ಹಿಂದೆ.
ಗಾಳಿ ತಿರುಗಿತು, ಬಂಡೆಗೆ ಸಿಕ್ಕಿಕೊಂಡಿತು, ಏಳಲಿಲ್ಲ.
ಕೊಯ್ತದಿಂದ ಹಗ್ಗ ಕಡಿದೆ.
ಹದಿನೆಂಟು ವರ್ಷದ್ದು.
ಅದು ಅಲ್ಲೇ ಉಳಿಯಿತು, ನಾವು ಐದು ಜನ ಇಲ್ಲಿ."
ಆ ದಿನವೇ ಅವನ ಎಡಗಾಲು ಹರಡಿನಲ್ಲಿ ತಿರುಚಿದ್ದು.

ಸ್ವಲ್ಪ ಹೊತ್ತು ಬಿಟ್ಟು, ನಗುತ್ತ:
"ಮೊಮ್ಮಗಳು ರೇಶ್ಮಾನೂ ಆಂಕರಂತೆ.
ಮಾಲಾದೇವಿ ಮೈದಾನದಲ್ಲಿ ಕಬಡ್ಡಿ ಪಂದ್ಯ, ಇವಳ ಕೈಗೆ ಮೈಕು.
ರಾತ್ರಿಯಿಡೀ ವೇದಿಕೆಯ ಆ ತುದಿಯಿಂದ ಈ ತುದಿಗೆ ಓಡುತ್ತಾಳೆ.
ಒಂದು ಕಡೆ ನಿಲ್ಲದ್ದು ಎಂಥ ನಾಂಗರ?"
ಹಗ್ಗಜಗ್ಗಾಟದಲ್ಲಿ ಕೊನೆಗೆ ನಿಂತು
ಸೊಂಟಕ್ಕೆ ಹಗ್ಗ ಸುತ್ತಿಕೊಳ್ಳುವವನಿಗೂ ಅದೇ ಹೆಸರು,
ಟೀವಿಯವರು ಅಂಥ ಕಡೆಯಿಂದ ತಂದಿರಬೇಕು, ಎಂದೆ.
ಅವನು ಹಗ್ಗ ಅಂದದ್ದನ್ನು ಮಾತ್ರ ಹಿಡಿದುಕೊಂಡ.

"ಹಗ್ಗ ಬಿಡಬೇಕು. ನೀರು ಐದು ಮಾರಿದ್ದರೆ
ಹಗ್ಗ ಹದಿನೈದು ಮಾರು, ಗಾಳಿ ಇದ್ದರೆ ಇನ್ನೂ ಹೆಚ್ಚು.
ಬಿಗಿದು ಕಟ್ಟಿದರೆ ಕೊಕ್ಕೆ ನೆಲ ಬಿಟ್ಟು ಏಳುತ್ತದೆ.
ಅವಳ ಅವ್ವನಿಗೆ ಇದು ತಿಳಿಯುವುದಿಲ್ಲ.
ಹಗ್ಗವೂ ಕೊಡು. ನೀಲಿಯದು ಬೇಡ."

ಸಂಜೆ ನರೋನ್ಹಾರು ಬಿಲ್ ಪುಸ್ತಕ ತಿರುವಿದರು.
ಕಾರ್ಬನ್ ಪ್ರತಿಯಲ್ಲಿ ಎಚ್ ಮೂಡಿರಲಿಲ್ಲ.
ಅಷ್ಟು ಜಾಗ ಖಾಲಿ, ಮತ್ತೆ ಓ, ಆರ್.
"ಸರಿ ಮಾಡು, ಆಫೀಸಿನವರು ವಾಪಸ್ ಕಳಿಸುತ್ತಾರೆ."
ಪೆನ್ನು ಹಿಡಿದೆ.
ಹೊರಗೆ ಪುರ್ಸು ಯಾರನ್ನೂ ಕರೆಯದೆ
ಇಪ್ಪತ್ತೆಂಟು ಕಿಲೋ ಹೆಗಲಿಗೇರಿಸಿ,
ಎಡ ಹರಡಿನ ಮೇಲೆ ಬಾಗಿ ಬಾಗಿ,
ಜೆಟ್ಟಿಯ ಕಡೆಗೆ ನಡೆದಿದ್ದ.