ಒಲೆಯ ಮುಂದೆ, ಐದನೆಯ ತಿಂಗಳು

ಡಾಕ್ಟರು ಕೊಟ್ಟ ಹಾಳೆಯಲ್ಲಿ ಹನ್ನೊಂದು ಸಾಲು.
ಹಿಟ್ಟಿನ ಕೈಯಲ್ಲಿ ಮುಟ್ಟಿ ಮುಟ್ಟಿ
ಈಗ ಏಳು ಮಾತ್ರ ಓದಲು ಸಿಗುತ್ತವೆ.
ಉಳಿದ ನಾಲ್ಕನ್ನು ಮೈಯೇ ಓದಿ ಹೇಳಿತು.

ಮೊದಲ ವಾರ, ಔಷಧಿ ಅಳೆಯುವ ಲೋಟದಲ್ಲಿ ನೀರು.
ಗುಟುಕಲ್ಲ, ತುಟಿ ಒದ್ದೆಯಾಗುವಷ್ಟು.
ಮತ್ತೆ ಗಡಿಯಾರ.
ಕುತಾಯಿಸಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ
ದಿನಕ್ಕೆ ಮುನ್ನೂರರಂತೆ ಹತ್ತೊಂಬತ್ತು ವರ್ಷ
ರೊಟ್ಟಿ ಸುಟ್ಟವಳು ನಾನು, ಎತೆರಿ,
ಒಂದು ಚಮಚ ತಿಳಿಸಾರಿನ ಎದುರು
ಲೆಕ್ಕದ ಪರೀಕ್ಷೆಗೆ ಬಂದ ಹುಡುಗಿಯ ಹಾಗೆ ಕೂತಿದ್ದೆ.

ಹಸಿವು ಹೋಗುತ್ತದೆ ಎಂದಿದ್ದರು.
ಹೋಯಿತು, ಹೊಟ್ಟೆಯದು.
ಬಾಯಿಯದು ಹೋಗಲಿಲ್ಲ.
ಬಾಡಿಗೆ ಕೊಡದೆ, ಮನೆಯನ್ನೂ ಬಿಡದೆ,
ರಾತ್ರಿ ಹನ್ನೊಂದಕ್ಕೆ ಅಡಿಗೆಮನೆಯಲ್ಲಿ ದೀಪ ಹಾಕುತ್ತದೆ.

ನಮ್ಮ ಒಲೆಯೆಂದರೆ ಮಣ್ಣಿನ ಬಾವಿ.
ತಳದಲ್ಲಿ ಕೆಂಡ, ಗೋಡೆಗೆ ರೊಟ್ಟಿ.
ದೋಣಿಯಂತೆ ಎಳೆದ ಹಿಟ್ಟನ್ನು ಅಂಟಿಸಲು
ಸೊಂಟದವರೆಗೆ ಒಳಗೆ ಬಾಗಬೇಕು,
ಕಾಲು ನೆಲ ಬಿಡಬೇಕು.
ಮೂವತ್ತು ದಾಟಿದ ಮೇಲೆ ನನ್ನ ಹೊಟ್ಟೆ
ಆ ಕಟ್ಟೆಗೆ ತಾಗಿ ನಿಲ್ಲುತ್ತಿತ್ತು.
ನಾದಿನಿ ನಾತೇಲಾ ಬಾಗಿದಳು, ನಾನು ನಾದಿದೆ.
ಯಾರೂ ಏನೂ ಹೇಳಲಿಲ್ಲ. ಅದೇ ಹೆಚ್ಚು ಭಾರವಾಗಿತ್ತು.

ಮೂರನೆಯ ತಿಂಗಳು ಕೂದಲು ಉದುರಿತು.
ದಿಂಬಿನ ಮೇಲೆ, ಸ್ನಾನದ ಜಾಲರಿಯಲ್ಲಿ;
ಹಿಟ್ಟಿಗೆ ಬೀಳಬಾರದೆಂದು ಎರಡು ರುಮಾಲು ಕಟ್ಟಿದೆ.
ಆಗಸ್ಟ್ ತಿಂಗಳಲ್ಲಿ, ಉರಿಯುವ ಒಲೆಯ ಪಕ್ಕದಲ್ಲಿ,
ಸ್ವೆಟರ್ ಹಾಕಿಕೊಂಡು ನಡುಗಿದೆ.
ಅಕ್ಕನ ಮಗನ ಹೆಸರಹಬ್ಬಕ್ಕೆ
ದ್ರಾಕ್ಷಿರಸದಲ್ಲಿ ಅದ್ದಿ ಒಣಗಿಸಿದ ಆಕ್ರೋಟಿನ ಸರ,
ಅರ್ಧ ತಿಂದೆ, ಬರೀ ಅರ್ಧ.
ಎದೆ ಡವಗುಟ್ಟಿತು, ಬೆವರು ಸುರಿಯಿತು,
ಹಿಟ್ಟಿನ ಮೂಟೆಗಳ ಮೇಲೆ ಮಲಗಿ
ಸಕ್ಕರೆಗೆ ಕ್ಷಮೆ ಕೇಳಿದೆ.

ತಿಥಿಯೂಟದ ಮೇಜಿನಲ್ಲಿ ಎಲ್ಲರ ಕಣ್ಣು
ಸತ್ತವನ ಪಟದಿಂದ ನನ್ನ ತಟ್ಟೆಗೆ ಬಂತು.
'ಏನಾದರೂ ಕಾಯಿಲೆಯೇ?' ಎಂದು ಒಬ್ಬಳು ದನಿ ತಗ್ಗಿಸಿದಳು.
'ಮುಖ ಬಿದ್ದುಹೋಯಿತಲ್ಲ' ಎಂದಳು ಇನ್ನೊಬ್ಬಳು.
ಮೂರನೆಯವಳು ಕೈತೊಳೆಯುವಲ್ಲಿ ಹಿಂದೆ ಬಂದು
ನಲ್ಲಿಯ ಸದ್ದಿನಲ್ಲಿ ಕೇಳಿದಳು:
ಎಷ್ಟಾಯಿತು?
ಎಷ್ಟು ನೋವು?
ನನ್ನ ಗಂಡನಿಗೆ ಹೇಳಬೇಡ.

ಉಂಗುರದ ವಿಷಯ ಹಾಳೆಯಲ್ಲಿ ಇರಲೇ ಇಲ್ಲ.
ಹದಿನಾಲ್ಕು ವರ್ಷ ಬೆರಳಲ್ಲಿ ಹೂತಿದ್ದು,
ಸೋಪಿಗೂ ಎಣ್ಣೆಗೂ ಬಗ್ಗದ್ದು.
ಆಪರೇಷನ್ ದಿನ ನರ್ಸು ಕತ್ತರಿ ತಂದಿದ್ದಳು.
ಬೇಡವೆಂದು ಅತ್ತೆ. ಪಟ್ಟಿ ಸುತ್ತಿ ಒಳಗೆ ಕರೆದೊಯ್ದರು.
ಅದು ನಾಲ್ಕನೆಯ ತಿಂಗಳ ಒಂದು ಮಂಗಳವಾರ
ಹೇಳದೆ ಕೇಳದೆ ಜಾರಿತು.
ಹಾಸಿಗೆ ಕೊಡವಿದೆವು, ಚರಂಡಿ ತೆಗೆದೆವು.
ಗುರುವಾರ ವಾಝಾ ಮುದುಕ ಬಂದ,
ಕೆನ್ನೆ ಹಿಡಿದುಕೊಂಡು, ಕಾಗದದಲ್ಲಿ ಸುತ್ತಿಕೊಂಡು:
'ಎತೆರಿ, ನನಗೆ ಹಲ್ಲು ಉಳಿದಿದ್ದದ್ದೇ ಐದು.'

ರಾತ್ರಿ ಝೌರನ ಕೈ ಕತ್ತಲಲ್ಲಿ ತಡವುತ್ತದೆ.
'ಎಲ್ಲಿದ್ದೀಯೆ?' ಎನ್ನುತ್ತಾನೆ.
ಇಲ್ಲೇ, ಎನ್ನುತ್ತೇನೆ, ಸ್ವಲ್ಪ ಒಳಗೆ.
ಹೊಟ್ಟೆಯ ಚರ್ಮ, ಅತಿಥಿಗಳು ಹೋದ ಮೇಲೆ
ಮಡಚದೆ ಬಿಟ್ಟ ಮೇಜುಬಟ್ಟೆ.
ನಾನು ನಾಚಿ ಎಳೆದುಕೊಳ್ಳುತ್ತೇನೆ.
ಅವನು ಅದರ ಮೇಲೇ ನಿದ್ದೆಹೋಗುತ್ತಾನೆ.

ಇವತ್ತು ಬೆಳಿಗ್ಗೆ ನಾತೇಲಾಗೆ ಸೊಂಟ ಹಿಡಿದಿತ್ತು.
ನಾನು ಕಟ್ಟೆಗೆ ಒರಗಿದೆ. ಬಾಗಿದೆ.
ಇನ್ನೂ ಬಾಗಿದೆ.
ಕಾಲು ನೆಲ ಬಿಟ್ಟಿತು.
ಬೆಂಕಿ ನನ್ನ ಮುಖ ನೋಡಿತು.
'ಏಪ್ರನ್ ಹಿಡಿ, ಬಿಡಬೇಡ!' ಎಂದು ಕೂಗಿದೆ.
ಅವಳು ನಗುತ್ತಲೇ ಹಿಡಿದಳು, ಸೊಂಟ ಹಿಡಿದವಳು.
ಮೊದಲ ರೊಟ್ಟಿ ಸೊಟ್ಟಗೆ ಅಂಟಿತು.

ಅದನ್ನು ಮಾರಲಿಲ್ಲ.
ಉಗುರಿನಷ್ಟು ಕಂದು ತೊಗಟೆ ಮುರಿದು
ಬಾಯಿಗಿಟ್ಟು ಎಣಿಸತೊಡಗಿದೆ.
ಮೂವತ್ತು ಸಲ ಅಗಿಯಬೇಕು: ಐದನೆಯ ಸಾಲು, ಇನ್ನೂ ಅಳಿಸಿಲ್ಲ.
ಇಪ್ಪತ್ತೆರಡಕ್ಕೆ ಗಿರಾಕಿ ಬಂದು 'ಎರಡು ಕೊಡಿ' ಎಂದ.
ಬೆರಳೆತ್ತಿದೆ.
ಉಂಗುರಕ್ಕೆ ದಾರ ಸುತ್ತಿದ ಬೆರಳು.
ಸ್ವಲ್ಪ ಕಾಯಪ್ಪಾ.
ಊಟ ಮಾಡುತ್ತಿದ್ದೇನೆ.