ಕೈ ಬೀಸಿ

ಡಾಕ್ಟರು ಚೀಟಿಯ ಹಿಂದುಗಡೆ ಬರೆದರು:
ದಿನಾ ನಲವತ್ತು ನಿಮಿಷ. ಕೈ ಬೀಸಿ ನಡೀಬೇಕು.
ಮಾತ್ರೆಗಳ ಹೆಸರೆಲ್ಲ ಮುಂದುಗಡೆ ಇದ್ದವು.
ಅವು ಸಲೀಸು, ನೀರು ಕುಡಿದರೆ ಇಳಿದು ಹೋಗುತ್ತವೆ.
ಹಿಂದಿನದು ಗಂಟಲಲ್ಲೇ ನಿಂತಿತು.

"ಕೈ ಬೀಸಿಕೊಂಡು ಬಂದಳು" ಅಂತ
ನನ್ನತ್ತೆ ಅಂದದ್ದು ಮದುವೆಯಾದ ಮೂರನೇ ತಿಂಗಳು,
ತವರಿಂದ ಬರುವಾಗ ಬುತ್ತಿ ಮರೆತಿದ್ದೆ.
ಆ ಮಾತಿಗೆ ಈಗ ಮೂವತ್ತೆಂಟು ವರ್ಷ,
ನನ್ನ ಮೈಯಲ್ಲಿ ಸಕ್ಕರೆಗಿಂತ ಹಳೇದು.
ಅಲ್ಲಿಂದ ಇಲ್ಲಿತನಕ ಹೊಸ್ತಿಲು ದಾಟಿದ್ದರೆ
ಕೈಯಲ್ಲಿ ಕೊಡ, ಇಲ್ಲ ಹಾಲಿನ ಕ್ಯಾನು, ಇಲ್ಲ ಮಗು,
ಏನೂ ಇಲ್ಲದಿದ್ದರೆ ಬಿಲ್ವಪತ್ರೆಯ ಪೊಟ್ಟಣವಾದರೂ.
ಬೀಸಿದ್ದೇನೂ ಕಮ್ಮಿಯಲ್ಲ:
ಜೋಳ ಬೀಸಿದ್ದೇನೆ. ಕರೆಂಟು ಹೋದ ರಾತ್ರಿ
ಮಕ್ಕಳ ಮುಖಕ್ಕೆ ಕ್ಯಾಲೆಂಡರ್ ರಟ್ಟು ಬೀಸಿದ್ದೇನೆ.
ಬರೀ ಗಾಳಿಯಲ್ಲಿ, ನನ್ನ ಸಲುವಾಗಿ, ಎಂದೂ ಇಲ್ಲ.

ಇವರಿಗೆ ಹೇಳಿದೆ.
ಇವರು ಮಿಲ್ಲಿನ ಸೈರನ್ನಿಗೆ ಹತ್ತು ವರ್ಷ
ನಡೆದೇ ಹೋದವರು, ಚಪ್ಪಲಿಗೆ ಟೈರು ಹೊಡೆಸಿ.
ಮಿಲ್ಲು ಮುಚ್ಚಿ, ಅಂಗಡಿ ಹಾಕಿ, ಲೂನಾ ತಂದ ದಿನ
ಅದರ ಹಣೆಗೆ ವಿಭೂತಿ ಹಚ್ಚಿ ಅಂದಿದ್ದರು:
"ಇನ್ಮ್ಯಾಲೆ ನೀ ಎಲ್ಲಿಗೂ ನಡೀಬ್ಯಾಡ."
ಅದು ಅವರು ನನಗೆ ಮಾಡಿಸಿದ ಒಡವೆ.
ಈಗ ನಡೀತೀನಿ ಅಂದರೆ
ಓಲೆ ಬಿಚ್ಚಿ ವಾಪಸ್ಸು ಅವರ ಕೈಗಿಟ್ಟ ಹಾಗೆ.
"ಕಸ ಮುಸುರಿ ಮಾಡ್ತಿ, ದಿನಕ್ಕ ಮೂರು ಸಲ ಮಾಳಿಗಿ ಹತ್ತಿ ಇಳೀತಿ,
ಇನ್ನೇನು ವ್ಯಾಯಾಮ? ನೋಡಿದೋರು
ಮನ್ಯಾಗ ಜಗಳ ಆಗೈತಿ ಅಂತಾರ."

ಅಂದರೂ ಅಂದರು.
ಮೊದಲ ದಿನ ನಮ್ಮ ಕ್ರಾಸು ದಾಟುವುದರೊಳಗೆ
"ಎಲ್ಲಿಗ್ರೀ ಕೊಟ್ರಮ್ಮಾರೆ?" ನಾಲ್ಕು ಬಾಗಿಲು.
ಎಲ್ಲಿಗೂ ಇಲ್ಲ ಅನ್ನೋದು ನಮ್ಮ ದಾವಣಗೆರೆಯಲ್ಲಿ ಉತ್ತರವಲ್ಲ.
ಮಂಡಕ್ಕಿ ಭಟ್ಟಿಯ ಹತ್ತಿರ ನೀಲಾಂಬಿಕಾ ಕೈ ಹಿಡಿದು ಒಳಗೆ ಕರೆದಳು,
"ಸೊಸಿ ಏನಾದ್ರೂ ಅಂದ್ಲಾ?" ಅಂತ ಮೆಲ್ಲಗೆ ಕೇಳಿ ಚಾ ಕೊಟ್ಟಳು,
ಕನಿಕರಕ್ಕೆ ಒಂದು ಚಮಚ ಸಕ್ಕರೆ ಹೆಚ್ಚು ಹಾಕಿ.
ಬೇಡ ಅನ್ನಲು ಬಾಯಿ ಬರಲಿಲ್ಲ.
ಅವತ್ತು ನಡೆದದ್ದು ಆರು ನಿಮಿಷ.

ಮರುದಿನ ಚೀಲ ಹಿಡಿದೆ.
ಖಾಲಿ ಚೀಲ, ಬಟ್ಟೆ ಅಂಗಡಿಯ ಹೆಸರಿದ್ದದ್ದು.
ಎಲ್ಲಿಗೆ? ಸೊಪ್ಪಿಗೆ.
ಎಲ್ಲಿಗೆ? ರೇಷನ್ ಬಂತಾ ನೋಡೋಕೆ.
ಕಾಲಿಗೆ ಮೊಮ್ಮಗನ ಹಳೇ ಕ್ಯಾನ್ವಾಸ್ ಶೂ,
ನಿರಿಗೆ ನಾಲ್ಕು ಬೆರಳು ಕೆಳಗೆ ಬಿಟ್ಟು ಮುಚ್ಚಿದ್ದೆ.
ಸುಳ್ಳಿಗೂ ಬೆವರು ಬರುತ್ತದೆ.

ಕೊನೆಗೆ, ಕೇಳುವವರೇ ಇಲ್ಲದ ಕಡೆ ಅಂತ
ಸಿಟಿ ಬಸ್ಸು ಹತ್ತಿ ಕುಂದುವಾಡ ಕೆರೆಗೆ ಹೋದೆ.
ನಡೆಯೋದಕ್ಕೆ ಟಿಕೆಟ್ಟು ತಗೊಂಡವಳು ನಾನೇ ಇರಬೇಕು.
ಅಲ್ಲಿ ಗಂಡಸರು ಕೈ ಬೀಸುತ್ತಿದ್ದರು,
ಗಾಳಿಗೆ ಕಂದಾಯ ಕಟ್ಟಿದವರ ಹಾಗೆ.
ಏರಿಯ ತಿರುವಿನಲ್ಲಿ ಒಬ್ಬಾಕೆ, ಬುರ್ಖಾ,
ಕೈಯಲ್ಲಿ ಮೂರು ಡಬ್ಬಿಯ ಟಿಫಿನ್ ಕ್ಯಾರಿಯರ್.
ಯಾರಿಗೋ ಊಟ ಒಯ್ಯುತ್ತಿದ್ದಾಳೆ ಅಂದುಕೊಂಡೆ.
ತುಸು ಹೊತ್ತಿಗೆ ಮತ್ತೆ ಎದುರು ಬಂದಳು.
ಮತ್ತೆ ಬಂದಳು. ಕ್ಯಾರಿಯರ್ ಖಣಖಣ ಅಂದಿತು.
ಖಾಲಿ ಪಾತ್ರೆಯ ಸದ್ದು ಹೆಂಗಸರಿಗೆ ಗೊತ್ತಾಗದೆ ಇರುತ್ತದಾ?
ಆಕೆ ನನ್ನ ಚೀಲ ನೋಡಿದಳು, ಗಾಳಿಗೆ ಉಬ್ಬಿಕೊಂಡಿತ್ತು.
"ಎಷ್ಟೈತಿ?"
"ಇನ್ನೂರ ನಲವತ್ತು. ನಿಂದು?"
"ಮುನ್ನೂರು ಮುಟ್ಟಿ ಬಂದೈತಿ."
ಹೆಸರು ಆಮೇಲೆ ಕೇಳಿಕೊಂಡೆವು. ಮೆಹರ್‌ಬಾನು.
ಕೂತು ಕೂತು ಬೀಡಿ ಕಟ್ಟಿದ ಸೊಂಟ.

ಈಗ ನನ್ನ ಚೀಲದೊಳಗೆ ಅವಳ ಕ್ಯಾರಿಯರ್ ಇಟ್ಟು
ಏರಿಯ ಕಲ್ಲಿನ ಮೇಲೆ ಬಿಟ್ಟು ಹೋಗುತ್ತೇವೆ.
ಕದ್ದರೆ ಕದಿಯಲಿ.
ಪೂರ್ತಿ ಬೀಸಲು ನನಗಿನ್ನೂ ಬರುವುದಿಲ್ಲ.
ಮೊಣಕೈ ತನಕ ಬರುತ್ತದೆ,
ಅಲ್ಲಿಂದ ಮೇಲೆ ಅತ್ತೆ ಹಿಡಿದಿದ್ದಾರೆ.

ಬರುವಾಗ ಒಂದು ಕಟ್ಟು ಮೆಂತ್ಯ ಕೊಂಡು ಚೀಲಕ್ಕೆ ಹಾಕುತ್ತೇನೆ.
ಇವತ್ತು ಇವರು ಲೂನಾ ಒರೆಸುತ್ತಾ ಕೂತಿದ್ದರು,
ಚೀಲ ನೋಡಿದರು, ಶೂ ನೋಡಿದರು,
"ಮತ್ತ ಮೆಂತ್ಯಾನಾ?" ಅಂದರು.